ಊರಿಗೆ ಯಾವಾಗ ಹೋಗ್ತೀರಾ?

2021ರ ಆಗಸ್ಟ್ 16. ಎಲ್ಲ ಚಾನೆಲ್‌ಗಳಲ್ಲೂ, ತಾಲಿಬಾನ್ ಕೈಗೆ ಹೋದ ಕಾಬೂಲಿನ ವಿಮಾನ ನಿಲ್ದಾಣ. ಅಮೆರಿಕದ ದೊಡ್ಡ ಸರಕು ವಿಮಾನ ರನ್‌ವೇ ಮೇಲೆ ಹೊರಟಿದೆ, ಅದರ ಪಕ್ಕದಲ್ಲೇ ನೂರಾರು ಜನ ಓಡುತ್ತಿದ್ದಾರೆ. ಕೆಲವರು ಚಕ್ರದ ಮೇಲುಗಡೆ ಹತ್ತಿ ಕೂತಿದ್ದಾರೆ. ನಾನು ಅವತ್ತು ಸೋದರಮಾವನ ಮನೆಯಲ್ಲಿದ್ದೆ. ಅತ್ತೆ ಮೊರದಲ್ಲಿ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತಾ "ಅಯ್ಯೋ, ಬಿದ್ದರೆ ಏನು ಗತಿ" ಅನ್ನುತ್ತಿದ್ದರು. ಮಾವ ರಿಮೋಟ್ ತಗೊಂಡು ಟಿವಿ ಆಫ್ ಮಾಡಿದರು.

"ನಾವು ಹೊರಟಾಗ್ಲೂ ಹಿಂಗೇ ಗೇಟ್ ಹತ್ರ ಬಂದು ನಿಂತಿದ್ರು ಕಣಮ್ಮ."

"ಎಲ್ಲಿ ಮಾವ?"

"ಟ್ರಿಂಕೋಮಲೀಲಿ."

ಅಷ್ಟು ಹೇಳಿ ಹಿತ್ತಲಿಗೆ ಎದ್ದು ಹೋದರು. ಮಾವ ಮಿಲಿಟರಿಯಲ್ಲಿ ಇದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಶ್ರೀಲಂಕಾಕ್ಕೆ ಹೋಗಿದ್ದದ್ದೂ ಗೊತ್ತು. ರಿಟೈರ್ ಆದಮೇಲೆ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದರಲ್ಲ, ಆ ಕೆಲಸದ ಕಥೆಗಳನ್ನು ಬೇಕಾದಷ್ಟು ಹೇಳಿದ್ದಾರೆ. ಶ್ರೀಲಂಕಾದ ಒಂದು ಕಥೆಯನ್ನೂ ಹೇಳಿರಲಿಲ್ಲ. ಅವತ್ತಿನಿಂದ ಒಂದೊಂದೇ ಮಾತು ಹೊರಗೆ ಬರತೊಡಗಿತು. ಕೇಳಿದರೆ ಹೇಳುವುದಿಲ್ಲ. ಕೇಳದೇ ಇದ್ದಾಗ, ಕಾಫಿ ಕುಡಿಯುತ್ತಾ, ಸುಮ್ನೆ ಒಂದು ವಾಕ್ಯ.

ಯುದ್ಧ ಮುಗಿದ ಮೇಲೆ ಹೊರಗಿನ ಸೈನ್ಯ ಆ ದೇಶದಲ್ಲಿ ಇರಬೇಕೋ ಹೊರಡಬೇಕೋ ಅನ್ನುವ ವಿಷಯದಲ್ಲಿ ನನಗೆ ಮೊದಲು ಯಾವ ಗೊಂದಲವೂ ಇರಲಿಲ್ಲ. ಹೊರಡಬೇಕು, ಅಷ್ಟೇ. ಬೇರೆಯವರ ಮನೆಯಲ್ಲಿ ಬಂದೂಕು ಹಿಡಿದು ಕೂರೋದು ಯಾವ ನ್ಯಾಯ? ಕಾಬೂಲ್ ನೋಡಿದ ಮೇಲೆ ಸ್ವಲ್ಪ ಅಲ್ಲಾಡಿದೆ. ಮಾವನ ಮಾತುಗಳನ್ನು ಕೇಳುತ್ತಾ ಹೋದಮೇಲೆ ಪ್ರಶ್ನೆಯೇ ಬೇರೆ ಆಯಿತು.

ಶ್ರೀಲಂಕಾದ ವಿಷಯ ಅಂದರೆ ತಮಿಳುನಾಡಿನವರ ತಲೆನೋವು, ನಮಗೇನು ಸಂಬಂಧ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ 1987ರ ಜೂನ್ 4ರಂದು ಶ್ರೀಲಂಕಾದ ಉತ್ತರದಲ್ಲಿರುವ ತಮಿಳರ ಪಟ್ಟಣ ಜಾಫ್ನಾ ಮೇಲೆ ಪ್ಯಾರಾಚೂಟಿನಲ್ಲಿ ಸುಮಾರು 25 ಟನ್ ಪರಿಹಾರ ಸಾಮಗ್ರಿ ಬೀಳಿಸಿದ ಐದು ಎಎನ್-32 ವಿಮಾನಗಳು ಹೊರಟದ್ದು ನಮ್ಮ ಬೆಂಗಳೂರಿನಿಂದ. ಅದರ ಹಿಂದಿನ ದಿನ ದೋಣಿಗಳಲ್ಲಿ ಕಳಿಸಿದ ಸಾಮಾನನ್ನು ಶ್ರೀಲಂಕಾ ನೌಕಾಪಡೆ ತಡೆದು ವಾಪಸ್ ಕಳಿಸಿತ್ತು. ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಹೋರಾಡುತ್ತಿದ್ದ ಹುಲಿಗಳನ್ನು, ಅಂದರೆ ಎಲ್‌ಟಿಟಿಇಯವರನ್ನು ಬಗ್ಗುಬಡಿಯಲು ಆಗ ಜಾಫ್ನಾ ಸುತ್ತ ಶ್ರೀಲಂಕಾ ಸೈನ್ಯದ ಮುತ್ತಿಗೆ ನಡೆಯುತ್ತಿತ್ತು. ಕೇಳದೇ ಇನ್ನೊಂದು ದೇಶದ ಆಕಾಶಕ್ಕೆ ನುಗ್ಗಿದ ಭಾರತ, ಎರಡು ತಿಂಗಳೊಳಗೆ ಅದೇ ದೇಶದ ಅತಿಥಿ ಆಯಿತು. ಜುಲೈ 29ರಂದು ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಶ್ರೀಲಂಕಾ ಸೈನ್ಯ ಬ್ಯಾರಕ್ಕಿಗೆ ಹೋಗಬೇಕು, ತಮಿಳು ಗುಂಪುಗಳು ಶಸ್ತ್ರ ಒಪ್ಪಿಸಬೇಕು, ಇದನ್ನೆಲ್ಲ ನೋಡಿಕೊಳ್ಳಲು ಭಾರತದ ಶಾಂತಿ ಪಾಲನಾ ಪಡೆ. ಜನರ ಬಾಯಲ್ಲಿ ಐಪಿಕೆಎಫ್. ಮಾರನೇ ದಿನ ಕೊಲಂಬೋದಲ್ಲಿ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಗಾಂಧಿಗೆ ಸಾಲಿನಲ್ಲಿ ನಿಂತಿದ್ದ ನೌಕಾಪಡೆಯ ಹುಡುಗನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದ. ಆ ಫೋಟೋ ನೋಡದವರು ಕಡಿಮೆ. ಒಪ್ಪಂದದ ಬಗ್ಗೆ ಸಿಂಹಳರ ಒಂದು ದೊಡ್ಡ ಗುಂಪಿಗೆ ಏನನಿಸಿತ್ತು ಅನ್ನುವುದಕ್ಕೆ ಅದೇ ಸಾಕಲ್ವಾ?

ಜಯವರ್ಧನೆಗೆ ಇದರಲ್ಲಿ ಒಂದು ಅನುಕೂಲವೂ ಇತ್ತು. ದಕ್ಷಿಣದಲ್ಲಿ ಜೆವಿಪಿ ಅನ್ನುವ ಸಿಂಹಳ ಎಡಪಕ್ಷ ದಂಗೆ ಎದ್ದಿತ್ತು. ಉತ್ತರವನ್ನು ಭಾರತದವರು ನೋಡಿಕೊಂಡರೆ ತನ್ನ ಸೈನ್ಯವನ್ನು ಅತ್ತ ಕಳಿಸಬಹುದು. ಅಂದರೆ ಕರೆದವರಿಗೆ ಅವರದೇ ಲೆಕ್ಕ, ಹೋದವರಿಗೆ ತಮ್ಮದೇ ಲೆಕ್ಕ. ಜಾಫ್ನಾದ ಜನ ಈ ಎರಡು ಲೆಕ್ಕದ ಮಧ್ಯೆ ಇದ್ದರು. ಅವರ ಸಹಿ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಮಾವ ಎಂಜಿನಿಯರ್ಸ್‌ನಲ್ಲಿದ್ದರು. ನೆಲಬಾಂಬ್ ತೆಗೆಯುವುದು, ಸೇತುವೆ ಹಾಕುವುದು ಅವರ ಕೆಲಸ. ಆದರೆ ಅಲ್ಲಿ ಬೇಗನೇ ಚೆಕ್‌ಪೋಸ್ಟಿಗೆ ಹಾಕಿದರು. ಕಾರಣ ತಮಿಳು. ಮಾವ ಬೆಳೆದದ್ದು ಹಲಸೂರಿನಲ್ಲಿ, ಬೀದಿಯಲ್ಲಿ ಗೋಲಿ ಆಡುತ್ತಾ ಕಲಿತ ತಮಿಳು ಅದು. ಅವರ ತುಕಡಿಯಲ್ಲಿ ಆ ಚೆಕ್‌ಪೋಸ್ಟಿಗೆ ಬಂದವರಲ್ಲಿ ಹೆಚ್ಚಿನವರು ಉತ್ತರದ ಕಡೆಯವರು. ಸೈಕಲ್ಲಿನಲ್ಲಿ ಬರುವ ಮೇಷ್ಟರನ್ನೋ ಮೀನು ಬುಟ್ಟಿ ಹೊತ್ತ ಹೆಂಗಸನ್ನೋ ನಿಲ್ಲಿಸಿ ಏನು ಕೇಳಬೇಕು ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. "ನಾನು ಕನ್ನಡದವನು, ಹಿಂದಿಯವ್ರ ಮಾತನ್ನ ತಮಿಳಿಗೆ ಮಾಡಿ ಹೇಳ್ತಿದ್ದೆ. ನನ್ನ ತಮಿಳು ಕೇಳಿ ಅಲ್ಲಿನ ಹುಡುಗರು ನಗ್ತಿದ್ವು. ಅವರ ತಮಿಳೇ ಬೇರೆ, ಪುಸ್ತಕ ಓದಿದ ಹಾಗೆ ಮಾತಾಡ್ತಾರೆ."

ಚೆಕ್‌ಪೋಸ್ಟಿನ ಎದುರಿಗೆ ತಾಳೆಗರಿ ಬೇಲಿಯ ಒಂದು ಮನೆ. ಅಲ್ಲೊಬ್ಬ ಅಜ್ಜಿ. ಆಗಸ್ಟ್ ತಿಂಗಳಲ್ಲಿ ಇವರು ಬಂದಾಗ ಊರಿನವರು ಹೂವಿನ ಹಾರ ಹಾಕಿದ್ದರಂತೆ. ಆ ಅಜ್ಜಿ ದಿನಾ ಸಂಜೆ ಬರಿ ಟೀ ತಂದುಕೊಡುತ್ತಿದ್ದರು. ಹಾಲಿಲ್ಲ, ಸಕ್ಕರೆ ಇಲ್ಲ. ಜೊತೆಗೆ ಒಂದು ಚೂರು ಪನಂಗಟ್ಟಿ, ಅಂದರೆ ತಾಳೆಬೆಲ್ಲ. ಬೆಲ್ಲ ಕಚ್ಚಿಕೊಂಡು ಟೀ ಕುಡಿಯಬೇಕು. ಮಾವನಿಗೆ ನಮ್ಮ ಚನ್ನರಾಯಪಟ್ಟಣದ ಕಡೆಯ ಬೆಲ್ಲದ ಕಾಫಿ ನೆನಪಾಗುತ್ತಿತ್ತಂತೆ. ಲೋಟ ವಾಪಸ್ ಇಸ್ಕೊಳ್ಳುವಾಗ ಅಜ್ಜಿ ಒಂದು ಮಾತು ಕೇಳುತ್ತಿದ್ದರು.

"ಊರುಕ್ಕು ಎಪ್ಪ ಪೋರಿಯಳ್?"

ಊರಿಗೆ ಯಾವಾಗ ಹೋಗ್ತೀರಾ? ಮನೆಯಲ್ಲಿ ಅಮ್ಮ ಕಾಯುತ್ತಿರುತ್ತಾಳಲ್ಲ, ಹೆಂಡತಿ ಇದ್ದಾಳಾ, ರಜೆ ಯಾವಾಗ? ಎಲ್ಲ ಅಜ್ಜಿಯರೂ ಕೇಳುವ ಹಾಗೆ. ಮಾವ "ಪೊಂಗಲ್‌ಗೆ" ಅನ್ನುತ್ತಿದ್ದರು.

ಪೊಂಗಲ್‌ಗೆ ಹೋಗಲಾಗಲಿಲ್ಲ. ಸೆಪ್ಟೆಂಬರ್ 26ಕ್ಕೆ ನಲ್ಲೂರಿನಲ್ಲಿ ಎಲ್‌ಟಿಟಿಇಯ ತಿಲೀಪನ್ ನೀರೂ ಮುಟ್ಟದೆ ಉಪವಾಸ ಮಾಡಿ ಸತ್ತ. ಅವನ ಬೇಡಿಕೆಗಳು ಇದ್ದದ್ದು ಭಾರತದ ಮುಂದೆ. ಅಕ್ಟೋಬರ್ ಮೊದಲ ವಾರ, ಸಮುದ್ರದಲ್ಲಿ ಸಿಕ್ಕಿಬಿದ್ದ ಹದಿನೇಳು ಹುಲಿಗಳನ್ನು ಕೊಲಂಬೋಗೆ ಕರೆದೊಯ್ಯಲು ಹೊರಟಾಗ ಅವರು ಪಲಾಲಿಯಲ್ಲಿ ಸಯನೈಡ್ ಕಚ್ಚಿದರು. ಹನ್ನೆರಡು ಜನ ಸತ್ತರು. ಅಲ್ಲಿಗೆ ಶಾಂತಿ ಮುಗಿಯಿತು. ಕಾಪಾಡಲು ಹೋದ ಸೈನ್ಯ ಜಾಫ್ನಾ ಪಟ್ಟಣ ಹಿಡಿಯಲು ಯುದ್ಧಕ್ಕೆ ಇಳಿಯಿತು. ಆಪರೇಷನ್ ಪವನ್. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಇಳಿದ ಸಿಖ್ ಲೈಟ್ ಇನ್ಫೆಂಟ್ರಿಯ ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಜನ ಸತ್ತರು, ಒಬ್ಬ ಸೆರೆ ಸಿಕ್ಕ. ಇಳಿಯುವ ವಿಷಯ ಹುಲಿಗಳಿಗೆ ಮೊದಲೇ ಗೊತ್ತಿತ್ತು.

ಅಕ್ಟೋಬರ್ 21, ದೀಪಾವಳಿ. ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರು ನುಗ್ಗಿದರು. ರೋಗಿಗಳು, ಡಾಕ್ಟರುಗಳು, ನರ್ಸ್‌ಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಹುಲಿಗಳು ಗುಂಡು ಹಾರಿಸಿದರು, ಎರಡೂ ಕಡೆಯ ಗುಂಡಿನ ಮಧ್ಯೆ ಸಿಕ್ಕಿ ಸತ್ತರು ಅನ್ನುವುದು ಭಾರತದ ಮಾತು. ಬದುಕಿ ಉಳಿದವರು ಹೇಳುವುದೇ ಬೇರೆ. ಆಸ್ಪತ್ರೆಯಲ್ಲಿ ಈಗಲೂ ಪ್ರತಿ ವರ್ಷ ಆ ದಿನ ಸತ್ತವರ ಫೋಟೋಗಳಿಗೆ ದೀಪ ಹಚ್ಚುತ್ತಾರೆ. ನಾನು ಇದನ್ನು ಓದಿದ್ದು ತುಂಬಾ ತಡವಾಗಿ. ಮಾವನ ಮುಂದೆ ಒಂದು ಸಲ ಆಸ್ಪತ್ರೆ ಅಂತ ಶುರು ಮಾಡಿದೆ. "ನಾನು ಅಲ್ಲಿರಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ನಾನು ಅಲ್ಲಿರಲಿಲ್ಲ ಕಣಮ್ಮ." ಹೊರಡುವಾಗ ಚಪ್ಪಲಿ ಹಾಕ್ಕೊಳ್ತಿದ್ದೆ, ಆಗ ಇನ್ನೊಂದು ಸಲ.

ಆ ಹೊತ್ತಿಗೆ ಜಾಫ್ನಾದವರು ಐಪಿಕೆಎಫ್ ಅನ್ನುವ ನಾಲ್ಕು ಅಕ್ಷರಕ್ಕೆ ಬೇರೆ ಅರ್ಥ ಕಟ್ಟಿದ್ದರು. ಇನ್ನೊಸೆಂಟ್ ಪೀಪಲ್ ಕಿಲ್ಲಿಂಗ್ ಫೋರ್ಸ್. ಅತ್ತ ದಕ್ಷಿಣದಲ್ಲಿ ಜೆವಿಪಿ, ಭಾರತದ ಸಾಮಾನು ಮಾರಕೂಡದು ಅಂತ ಅಂಗಡಿಯವರನ್ನು ಹೆದರಿಸುತ್ತಿತ್ತು. (ಆ ದೇಶದಲ್ಲಿ ದಪ್ಪ ಈರುಳ್ಳಿಗೆ ಬಾಂಬೆ ಈರುಳ್ಳಿ, ಮಸೂರ್ ಬೇಳೆಗೆ ಮೈಸೂರು ಪರಿಪ್ಪು ಅನ್ನುತ್ತಾರೆ. ಹೆಸರಲ್ಲೇ ಇಂಡಿಯಾ ಕೂತಿದೆ, ಬಹಿಷ್ಕಾರ ಹೇಗೆ ಹಾಕೋದು!) ಒಂದೇ ಸೈನ್ಯವನ್ನು ತಮಿಳರೂ ದ್ವೇಷಿಸಿದರು, ಸಿಂಹಳರೂ ದ್ವೇಷಿಸಿದರು. ಅವರಿಬ್ಬರನ್ನೂ ಒಂದು ವಿಷಯದಲ್ಲಾದರೂ ಒಂದು ಮಾಡಿದ್ದು ನಾವೇ.

ಅಜ್ಜಿಯ ಮನೆ? ಬೇಲಿಯಲ್ಲಿ ಕಿಂಡಿ ಇದ್ದಲ್ಲಿ ಹೊಸ ತಾಳೆಗರಿ ಕಟ್ಟಿದರಂತೆ. ಟೀ ನಿಂತಿತು. ಅಜ್ಜಿಗೊಬ್ಬ ಮೊಮ್ಮಗ ಇದ್ದ, ಅವನು ಕಾಣಿಸುತ್ತಿರಲಿಲ್ಲ. ಎಲ್ಲಿ ಅಂತ ಮಾವ ಕೇಳಲಿಲ್ಲ, ಕೇಳುವುದೇ ಅವರ ಕೆಲಸ ಆಗಿದ್ದರೂ. ಹಲವು ತಿಂಗಳಾದಮೇಲೆ ಒಂದು ದಿನ ಅಜ್ಜಿ ರೇಷನ್ ಚೀಲ ಹಿಡಿದುಕೊಂಡು ಚೆಕ್‌ಪೋಸ್ಟಿಗೆ ಬಂದರು. ಚೀಲ ಬಿಚ್ಚಿ ನೋಡಬೇಕು, ಅದು ಆರ್ಡರ್. ಮಾವ ಅಕ್ಕಿಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿದರು. ಏನೂ ಇರಲಿಲ್ಲ. ಅಜ್ಜಿ ಚೀಲದ ಬಾಯಿ ಕಟ್ಟುತ್ತಾ, ಅವರ ಮುಖ ನೋಡದೇ, ಕೇಳಿದರು.

"ಊರುಕ್ಕು ಎಪ್ಪ ಪೋರಿಯಳ್?"

"ಅದೇ ಮಾತು ಕಣಮ್ಮ," ಅಂದರು ಮಾವ. "ಒಂದಕ್ಷರ ಆಚೆ ಈಚೆ ಇಲ್ಲ."

ಇದನ್ನು ಕೇಳಿದ ಮೇಲೆ, ದೊಡ್ಡ ದೊಡ್ಡ ಚರ್ಚೆಗಳನ್ನು ಓದುವಾಗ ನನ್ನ ಕಣ್ಣು ಒಂದನ್ನೇ ಹುಡುಕುತ್ತದೆ. ಸೈನ್ಯ ಇರಲಿ ಅಂದವರು ಯಾರು? ಅವರ ಮನೆ ಕ್ಯಾಂಪಿನಿಂದ ಎಷ್ಟು ದೂರ?

ನಮ್ಮದೇ ಇನ್ನೊಂದು ಕಥೆ ಇದೆ, ಅದರಲ್ಲಿ ಈ ದೂರ ತುಂಬಾ ಕಡಿಮೆ. 1971ರ ಡಿಸೆಂಬರ್ 16ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಸೇನಾ ಮುಖ್ಯಸ್ಥ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ. ಸುಮಾರು 93,000 ಜನ ಸೆರೆಯಾದರು. ಹೊಸ ದೇಶ ಬಾಂಗ್ಲಾದ ತುಂಬ ಭಾರತದ ಸೈನ್ಯ. ಪೊಲೀಸ್ ಇಲ್ಲ, ಸೇತುವೆಗಳು ಮುರಿದಿವೆ, ಊರೂರಲ್ಲಿ ಬಂದೂಕು ಹಿಡಿದ ಹುಡುಗರು. ಇರಲು ಕಾರಣ ಬೇಕು ಅಂದರೆ ನೂರು ಸಿಗುತ್ತಿತ್ತು. ಆ ದೇಶದ ನಾಯಕ ಮುಜಿಬುರ್ ರಹಮಾನ್ ಪಾಕಿಸ್ತಾನದ ಜೈಲಿನಿಂದ ಬಿಡುಗಡೆಯಾಗಿ ಜನವರಿ 10ಕ್ಕೆ ಢಾಕಾ ತಲುಪಿದರು. ಒಂದು ತಿಂಗಳೊಳಗೆ, ಫೆಬ್ರವರಿಯಲ್ಲಿ, ಕಲ್ಕತ್ತಾದಲ್ಲಿ ಇಂದಿರಾ ಗಾಂಧಿಯವರನ್ನು ಭೇಟಿ ಮಾಡಿ ಸೈನ್ಯ ವಾಪಸಿನ ಮಾತೆತ್ತಿದರು. ಮಾರ್ಚ್ 25ರೊಳಗೆ ಅಂತ ಗಡುವು ಆಯಿತು. ಮಾರ್ಚ್ 12ಕ್ಕೇ ಢಾಕಾ ಸ್ಟೇಡಿಯಂನಲ್ಲಿ ಬೀಳ್ಕೊಡುಗೆ ಪೆರೇಡ್ ನಡೆಯಿತು. ಐದು ದಿನ ಬಿಟ್ಟು ಇಂದಿರಾ ಢಾಕಾಗೆ ಹೋದಾಗ ಜನಸಾಗರ.

ಅದು ಬರೀ ಒಳ್ಳೆಯತನ ಅಂತ ನಾನು ಹೇಳುವುದಿಲ್ಲ. ಭಾರತದ ಸೈನ್ಯ ಇರುವವರೆಗೂ ಬಾಂಗ್ಲಾದೇಶವನ್ನು ಸ್ವತಂತ್ರ ದೇಶ ಅಂತ ಒಪ್ಪಲು ಹಲವು ರಾಜಧಾನಿಗಳು ಹಿಂದೆಮುಂದೆ ನೋಡುತ್ತಿದ್ದವು. ಹೊರಡುವುದರಲ್ಲಿ ನಮಗೂ ಲಾಭ ಇತ್ತು. ಮೂರೇ ತಿಂಗಳಲ್ಲಿ ಗೊಣಗಾಟವೂ ಶುರುವಾಗಿತ್ತು. ಪಾಕಿಸ್ತಾನಿಗಳಿಂದ ವಶಪಡಿಸಿಕೊಂಡ ಶಸ್ತ್ರಗಳನ್ನು ಭಾರತದವರು ಲಾರಿ ತುಂಬಿಕೊಂಡು ಹೋದರು ಅನ್ನುವ ಸಿಟ್ಟು ಅಲ್ಲಿ ಇನ್ನೂ ಇದೆ. ಮೂರು ತಿಂಗಳಿಗೆ ಇಷ್ಟಾದರೆ ಮೂರು ವರ್ಷ ಇದ್ದಿದ್ದರೆ?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ನಮ್ಮಲ್ಲಿ ಗಾದೆ ಇದೆ, ಉಪಕಾರ ಮರೆತವರನ್ನು ಬೈಯಲು ಬಳಸುತ್ತೇವೆ. ಅಂಬಿಗನ ಕಡೆಯಿಂದ ಯಾರೂ ಅದನ್ನು ಯೋಚಿಸಿದ ಹಾಗಿಲ್ಲ. ದಡ ಮುಟ್ಟಿಸಿದ ಅಂಬಿಗ ಕೂಲಿ ಇಸ್ಕೊಂಡು ವಾಪಸ್ ಹೋಗಬೇಕು ತಾನೇ? ಅವನೇ ಹಿಂದೆ ಬಂದು ಮನೆ ಜಗಲಿ ಮೇಲೆ ಕೂತರೆ ಮರೆಯುವುದಾದರೂ ಹೇಗೆ? ಢಾಕಾದಲ್ಲಿ ನಾವು ವಾಪಸ್ ಹೋದ ಅಂಬಿಗ. ಜಾಫ್ನಾದಲ್ಲಿ ನಡುನೀರಿನಲ್ಲಿ ಹುಟ್ಟುಗೋಲಿನಿಂದಲೇ ಪ್ರಯಾಣಿಕರಿಗೆ ಹೊಡೆದ ಅಂಬಿಗ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಜರ್ಮನಿ, ಜಪಾನ್ ಅನ್ನುತ್ತಾರೆ. ನಮ್ಮ ಆಫೀಸಿನಲ್ಲಂತೂ ಊಟದ ಹೊತ್ತಿನಲ್ಲಿ ಇದು ಖಾಯಂ ವಾದ. ಅಮೆರಿಕದವರು 1945ರಿಂದ ಅಲ್ಲೇ ಇದ್ದಾರೆ, ಎರಡೂ ದೇಶ ಉದ್ಧಾರ ಆಗಿಲ್ವಾ? ಆಗಿವೆ. ಜರ್ಮನಿಯ ವಿಷಯದಲ್ಲಿ ನಾನು ಜಾಸ್ತಿ ವಾದ ಮಾಡುವುದಿಲ್ಲ. ಅಲ್ಲಿ ಪೂರ್ವದಲ್ಲಿ ಸೋವಿಯತ್ ಸೈನ್ಯ, ಪಶ್ಚಿಮದಲ್ಲಿ ಅಮೆರಿಕದ ಸೈನ್ಯ. ದೇಶ ಒಂದಾದ ಮೇಲೆ ಒಬ್ಬರಿಗೆ ಹೋಗಿ ಅಂದರು, 1994ರ ಆಗಸ್ಟ್ 31ರೊಳಗೆ ಕೊನೆಯ ರಷ್ಯನ್ ಸೈನಿಕ ಹೊರಟ. ಇನ್ನೊಬ್ಬರಿಗೆ ಇರಿ ಅಂದರು. ಇಬ್ಬರೂ ಮಾತು ಕೇಳಿದರು.

ಜಪಾನಿನ ಕಥೆ ಅಷ್ಟು ಸಲೀಸಲ್ಲ. ಇರಿ ಅನ್ನುವುದು ಟೋಕಿಯೋ. ಇದ್ದದ್ದನ್ನು ಸಹಿಸುವುದು ಒಕಿನಾವಾ. ಜಪಾನಿನ ನೆಲದ ನೂರಕ್ಕೆ ಒಂದು ಭಾಗವೂ ಇಲ್ಲದ ಆ ದ್ವೀಪಗಳ ಮೇಲೆ, ಅಮೆರಿಕಕ್ಕೇ ಮೀಸಲಾದ ಸೇನಾ ನೆಲೆಗಳ ಜಾಗದಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟಿದೆ. 1995ರಲ್ಲಿ ಮೂವರು ಅಮೆರಿಕನ್ ಸೈನಿಕರು ಹನ್ನೆರಡು ವರ್ಷದ ಹುಡುಗಿಯನ್ನು ಹೊತ್ತೊಯ್ದು ಅತ್ಯಾಚಾರ ಮಾಡಿದಾಗ ಅಲ್ಲಿ ಹತ್ತಾರು ಸಾವಿರ ಜನ ಬೀದಿಗೆ ಬಂದರು. ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ಅಮೆರಿಕದ ಸೇನಾ ವಾಹನಕ್ಕೆ ಸಿಕ್ಕಿ ಇಬ್ಬರು ಶಾಲಾ ಹುಡುಗಿಯರು ಸತ್ತರು. ಓಡಿಸಿದವರನ್ನು ಅಮೆರಿಕದ್ದೇ ಸೇನಾ ನ್ಯಾಯಾಲಯ ಬಿಟ್ಟುಕಳಿಸಿದಾಗ ಸೋಲ್ ಬೀದಿಗಳಲ್ಲಿ ಮೇಣದಬತ್ತಿ ಹಿಡಿದು ಜನ ನಿಂತರು. ಉತ್ತರ ಕೊರಿಯಾ ತಲೆ ಮೇಲೆ ಕೂತಿದೆ, ಅಮೆರಿಕ ಬೇಕು ಅನ್ನುವ ಕೊರಿಯನ್ನರೇ ಜಾಸ್ತಿ. ಬೇಕು ಅನ್ನುವುದಕ್ಕೂ ನಮ್ಮ ಮಗು ಸತ್ತರೆ ನಮ್ಮ ಕೋರ್ಟಿನಲ್ಲಿ ವಿಚಾರಣೆ ಆಗಬೇಕು ಅನ್ನುವುದಕ್ಕೂ ವಿರೋಧ ಏನಿದೆ ಹೇಳಿ?

ಇರಾಕಿನದು ಇನ್ನೊಂದು ತರಹ. 2020ರ ಜನವರಿ 5ರಂದು ಇರಾಕಿನ ಸಂಸತ್ತು, ವಿದೇಶಿ ಸೈನ್ಯ ಹೊರಡಲಿ ಅಂತ ನಿರ್ಣಯ ಮಾಡಿತು. ಅಮೆರಿಕದ ಸೈನ್ಯ ಆಗ ಹೊರಡಲಿಲ್ಲ. ಹೋಗಿ ಅಂದರೂ ಹೋಗದ ನೆಂಟರಿಗೆ ನಾವು ಏನಂತೀವಿ?

ಕೊರಿಯಾ ಅಂದಾಗ ಮಡಿಕೇರಿಯ ಸನ್ನಿಸೈಡ್ ನೆನಪಾಗುತ್ತದೆ. ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. ರಾಜಾಸೀಟ್ ನೋಡಲು ಹೋದವರು ಅಲ್ಲಿಗೂ ಹೋಗಿಬನ್ನಿ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಮನೆಗೆ ಹೋಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಉಳಿದಿದ್ದರು. ಅವರನ್ನು ಏನು ಮಾಡುವುದು ಅಂತ ನೋಡಲು ತಟಸ್ಥ ದೇಶಗಳ ಆಯೋಗ, ಅದಕ್ಕೆ ನಮ್ಮ ತಿಮ್ಮಯ್ಯ ಅಧ್ಯಕ್ಷ. ಕೈದಿಗಳನ್ನು ಕಾಯಲು ಭಾರತದಿಂದ ಸುಮಾರು ಆರು ಸಾವಿರ ಸೈನಿಕರು. ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಒಬ್ಬ ಭಾರತೀಯ ಸೈನಿಕನೂ ನಮ್ಮ ನೆಲದ ಮೇಲೆ ಕಾಲಿಡಕೂಡದು ಅಂದುಬಿಟ್ಟ. ಇಂಚಾನ್ ಬಂದರಿನಲ್ಲಿ ನಿಂತ ಹಡಗುಗಳಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರ ಗಡಿ ಪಟ್ಟಿಯಲ್ಲಿ ಇಳಿಸಬೇಕಾಯಿತು! ಆಗ ಇದು ಅವಮಾನ ಅನಿಸಿರಬೇಕು. ನನಗೀಗ ರೀ ಕೊಟ್ಟದ್ದು ಉಪಕಾರ ಅನಿಸುತ್ತದೆ. ಜಗಳವಾಡಲು ಅಕ್ಕಪಕ್ಕದ ಮನೆ ಇರಲಿಲ್ಲ, ಚೆಕ್‌ಪೋಸ್ಟ್ ಹಾಕಲು ಊರು ಇರಲಿಲ್ಲ. ಕೆಲಸ ಮುಗಿಸಿ 1954ರ ಫೆಬ್ರವರಿಯಲ್ಲಿ ವಾಪಸ್. ಯಾವ ಕೊರಿಯಾಕ್ಕೂ, ಚೀನಾಕ್ಕೂ ಹೋಗಲ್ಲ ಅಂದ 88 ಜನರನ್ನು ಜೊತೆಗೆ ಕರೆದುಕೊಂಡೇ ಬಂದರು. ಯಾರನ್ನೂ ಗೇಟಿನಲ್ಲಿ ನಿಲ್ಲಿಸಿ ಬರಲಿಲ್ಲ.

ಅದೇ ತಿಮ್ಮಯ್ಯ ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಗೆ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮೂರು ತಿಂಗಳಿಗೆ ಅಂತ 1964ರಲ್ಲಿ ಹೋದ ಆ ಪಡೆ ಇನ್ನೂ ವಾಪಸ್ ಬಂದಿಲ್ಲ.

ಜಾಫ್ನಾಗೆ ವಾಪಸ್ ಬರುತ್ತೇನೆ. 1988ರ ಕೊನೆಗೆ ಪ್ರೇಮದಾಸ ಶ್ರೀಲಂಕಾದ ಅಧ್ಯಕ್ಷರಾಗಿ ಆಯ್ಕೆಯಾದರು. 1989ರ ಜೂನ್ 1ರಂದು ಬಹಿರಂಗವಾಗಿ, ಜುಲೈ ಮುಗಿಯುವುದರೊಳಗೆ ಹೊರಡಿ ಅಂದರು. ದೆಹಲಿ ತಕ್ಷಣ ಒಪ್ಪಲಿಲ್ಲ. ತಮಿಳರಿಗೆ ಕೊಟ್ಟ ಮಾತು ಇದೆ, ಒಪ್ಪಂದ ಜಾರಿ ಆಗಬೇಕು ಅಂತ ಎಳೆಯಿತು. ಆ ಎಳೆದಾಟದ ತಿಂಗಳುಗಳಲ್ಲಿ, ಭಾರತದವರ ಮೇಲೆ ಹೋರಾಡಲು ಪ್ರೇಮದಾಸ ಸರ್ಕಾರವೇ ಹುಲಿಗಳಿಗೆ ಶಸ್ತ್ರ ಕೊಟ್ಟಿತು. ಆಗಸ್ಟ್‌ನಲ್ಲಿ ವಲ್ವೆಟ್ಟಿತುರೈಯಲ್ಲಿ ನಮ್ಮವರ ಮೇಲೆ ದಾಳಿ ಆಯಿತು, ಅದರ ಸೇಡಿಗೆ ಅರವತ್ತಕ್ಕೂ ಹೆಚ್ಚು ಊರವರು ಸತ್ತರು. ಒಟ್ಟು ಒಂದು ಸಾವಿರದ ನೂರೈವತ್ತಕ್ಕೂ ಹೆಚ್ಚು ಭಾರತದ ಸೈನಿಕರು ಆ ದ್ವೀಪದಲ್ಲಿ ಸತ್ತರು. ಜೂನ್ 1ರ ನಂತರ ಸತ್ತವರ ಬಗ್ಗೆ ಯೋಚಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕರೆದವರೇ ಹೋಗಿ ಅಂದಮೇಲೆ ಸತ್ತ ಹುಡುಗರು ಅವರು.

ಮಾವ ಕೊನೆಕೊನೆಗೆ ಹೊರಟವರಲ್ಲಿ ಒಬ್ಬರು. ಕೊನೆಯ ಹಡಗು ಟ್ರಿಂಕೋಮಲಿ ಬಿಟ್ಟದ್ದು 1990ರ ಮಾರ್ಚ್ 24. ಭಾರತವನ್ನು ನಂಬಿ ಪ್ರಾಂತ್ಯದ ಚುನಾವಣೆಗೆ ನಿಂತು ಅಧಿಕಾರ ಹಿಡಿದಿದ್ದ ಇಪಿಆರ್‌ಎಲ್‌ಎಫ್ ಅನ್ನುವ ಇನ್ನೊಂದು ತಮಿಳು ಗುಂಪಿನವರಿಗೆ, ಹುಲಿಗಳು ಬಂದರೆ ತಮಗೆ ಉಳಿಗಾಲವಿಲ್ಲ ಅಂತ ಗೊತ್ತಿತ್ತು. ಮುಖ್ಯಮಂತ್ರಿ ವರದರಾಜ ಪೆರುಮಾಳ್ ಭಾರತಕ್ಕೆ ಓಡಿ ಬಂದರು. ಅವರ ಪಡೆಗೆ ಹಿಡಿದು ಹಿಡಿದು ಸೇರಿಸಿದ ಹದಿನೆಂಟರ ಆಸುಪಾಸಿನ ಹುಡುಗರು ಎಷ್ಟೋ ಜನ ಅಲ್ಲೇ ಉಳಿದರು. ಮಾವ ಹೇಳಿದ ಗೇಟಿನ ಹತ್ತಿರ ನಿಂತಿದ್ದವರು ಇವರ ಮನೆಯವರು. "ಪೆಟ್ಟಿಗೆ ಹಿಡ್ಕೊಂಡು ಬಂದಿದ್ರು. ಒಬ್ಳು ಹೊಲಿಗೆ ಮಿಷನ್ ತಂದಿದ್ಲು, ತಲೆ ಮೇಲೆ ಹೊತ್ಕೊಂಡು."

ಹಡಗು ಮದ್ರಾಸಿಗೆ ಬಂದಾಗ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ತಮಿಳರನ್ನು ಕೊಂದ ಸೈನ್ಯವನ್ನು ನಾನು ಸ್ವಾಗತಿಸಲಾರೆ ಅನ್ನುವುದು ಅವರ ನಿಲುವು. ಮಾವನಿಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಾನು ಇಬ್ಬರ ಪರವಾಗಿಯೂ ಮಾತಾಡಲಾರೆ.

ಮೂರು ತಿಂಗಳೊಳಗೆ ಯುದ್ಧ ಮತ್ತೆ ಹೊತ್ತಿಕೊಂಡಿತು. ಜೂನ್‌ನಲ್ಲಿ ಪೂರ್ವ ಭಾಗದಲ್ಲಿ ಶರಣಾದ ನೂರಾರು ಪೊಲೀಸರನ್ನು ಹುಲಿಗಳು ಕೊಂದರು. ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಊರು ಬಿಡಿಸಿದರು. ಶಸ್ತ್ರ ಕೊಟ್ಟಿದ್ದ ಪ್ರೇಮದಾಸರನ್ನೇ 1993ರ ಮೇ 1ರಂದು ಕೊಂದರು. ಯುದ್ಧ ಮುಗಿದದ್ದು 2009ರಲ್ಲಿ.

ಅದರ ಒಂದು ಕಿಡಿ ನಮ್ಮ ಮನೆ ಹತ್ತಿರವೂ ಬಿತ್ತು. 1991ರ ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ಹುಲಿಗಳಿಂದ ರಾಜೀವ್ ಗಾಂಧಿ ಹತ್ಯೆ. ಆಗಸ್ಟ್‌ನಲ್ಲಿ ಕೋಣನಕುಂಟೆಯ ಒಂದು ಮನೆಯನ್ನು ಕಮಾಂಡೋಗಳು ಸುತ್ತುವರಿದರು. 20ರ ಬೆಳಗ್ಗೆ ಒಳಗೆ ನುಗ್ಗಿದಾಗ, ಆ ಹತ್ಯೆಯ ಸಂಚಿನಲ್ಲಿದ್ದ ಶಿವರಾಸನ್, ಶುಭಾ ಸೇರಿ ಏಳು ಜನರ ಹೆಣ. ಅವತ್ತು ರಾಜೀವ್ ಹುಟ್ಟಿದ ದಿನ. ನಾನಾಗ ಐದನೇ ಕ್ಲಾಸು. ಕೋಣನಕುಂಟೆ ಆಗ ಬೆಂಗಳೂರಿನ ಅಂಚು, ಸುತ್ತ ಇನ್ನೂ ರಾಗಿ ಹೊಲ. ಅಪ್ಪ ಸ್ಕೂಟರಿನಲ್ಲಿ ನೋಡಿಬಂದರು, ಜಾತ್ರೆಯ ಹಾಗೆ ಜನ ಸೇರಿದ್ದರಂತೆ, ಕಡಲೆಕಾಯಿ ಮಾರುವವನೂ ಬಂದಿದ್ದನಂತೆ. ಮಾವ ರಜೆಯಲ್ಲಿ ನಮ್ಮ ಮನೆಯಲ್ಲೇ ಇದ್ದರು. ಅಪ್ಪ ಕರೆದರೂ ಅವರು ಹೋಗಲಿಲ್ಲ.

ಹಾಗಾದರೆ ಇರಬೇಕಿತ್ತಲ್ಲ, ಹೊರಟಿದ್ದಕ್ಕೇ ಇಷ್ಟೆಲ್ಲ ಆಯಿತಲ್ಲ ಅನ್ನುವವರಿದ್ದಾರೆ. ಕಾಬೂಲಿಗೂ ಇದನ್ನೇ ಹೇಳುತ್ತಾರೆ. ಇದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಹೊಲಿಗೆ ಮಿಷನ್ ಹೊತ್ತ ಆ ಹೆಂಗಸಿಗೆ ಭಾರತದ ಸೈನ್ಯ ಇನ್ನೂ ಹತ್ತು ವರ್ಷ ಇದ್ದಿದ್ದರೆ ಒಳ್ಳೆಯದಿತ್ತು. ಬೇಲಿ ಮುಚ್ಚಿಕೊಂಡ ಅಜ್ಜಿಗೆ ಹತ್ತು ದಿನವೂ ಜಾಸ್ತಿ. ಇಬ್ಬರೂ ಅದೇ ದ್ವೀಪದವರೇ, ಇಬ್ಬರೂ ತಮಿಳರೇ. ಆದರೆ ಇದ್ದುಕೊಂಡು ಮಾಡುವುದೇನಿತ್ತು? ಎಪ್ಪತ್ತು ಸಾವಿರಕ್ಕಿಂತ ಜಾಸ್ತಿ ಸೈನಿಕರಿದ್ದಾಗಲೂ ಹುಲಿಗಳ ನಾಯಕ ಪ್ರಭಾಕರನ್ ಸಿಗಲಿಲ್ಲ. ಸರ್ಕಾರಕ್ಕೆ ಬೇಡ, ಹುಲಿಗಳಿಗೆ ಬೇಡ, ಬೀದಿಯವರಿಗೂ ಬೇಡ. ಅಂಥ ಕಡೆ ಇರುವ ಪ್ರತಿ ದಿನವೂ ಇನ್ನೊಂದು ಚೀಲಕ್ಕೆ ಕೈ ಹಾಕುವ ದಿನ. ನನ್ನ ಪ್ರಕಾರ ಹೊರಟಿದ್ದು ಸರಿ, ಹೊರಟ ರೀತಿ ತಪ್ಪು. ಹೋಗಿ ಅಂದ ದಿನವೇ ಪಟ್ಟಿ ಮಾಡಬೇಕಿತ್ತು: ನಮ್ಮನ್ನು ನಂಬಿದವರು ಯಾರು ಯಾರು, ಅವರಲ್ಲಿ ಬರುವವರು ಎಷ್ಟು, ಹಡಗಿನಲ್ಲಿ ಜಾಗ ಎಷ್ಟು. ಕೊರಿಯಾದಿಂದ 88 ಅಪರಿಚಿತರನ್ನು ಕರೆತಂದ ದೇಶಕ್ಕೆ ಇದು ಗೊತ್ತಿಲ್ಲದ ಕೆಲಸ ಆಗಿರಲಿಲ್ಲ.

ಮಾವನಿಗೆ ಇದನ್ನು ಹೇಳಿದೆ. "ಪಟ್ಟಿ ಮಾಡೋದು ನಮ್ಮ ಕೆಲಸ ಅಲ್ಲಮ್ಮ. ನಮ್ಮ ಕೆಲಸ ಗೇಟ್ ಹಾಕೋದು" ಅಂದರು.

ಕಳೆದ ವರ್ಷ ಆಫೀಸಿನ ಕೆಲಸಕ್ಕೆ ಕೊಲಂಬೋಗೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಸಂಸತ್ ಭವನದ ಹತ್ತಿರ, ಬತ್ತರಮುಲ್ಲದಲ್ಲಿ ಐಪಿಕೆಎಫ್ ಸ್ಮಾರಕ ಇದೆ. ಯಾವ ದೇಶ ಹೋಗಿ ಅಂದಿತ್ತೋ ಅದೇ ದೇಶ ಕಟ್ಟಿಸಿದ್ದು. ನಾನು ಹೋದಾಗ ಬೇರೆ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಸಾಲು ಸಾಲು ಹೆಸರು. ಒಂದಿಷ್ಟು ಫೋಟೋ ತೆಗೆದುಕೊಂಡೆ.

ಊರಿಗೆ ಬಂದಮೇಲೆ ಮಾವನಿಗೆ ಫೋನ್ ಕೊಟ್ಟೆ. ಕನ್ನಡಕ ಹಣೆ ಮೇಲೆ ಏರಿಸಿ, ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. ಒಂದು ಹೆಸರಿನ ಹತ್ತಿರ ನಿಂತರು. ಏನೂ ಹೇಳಲಿಲ್ಲ. ಮುಂದಿನ ಫೋಟೋಗೆ ಸರಿಸಿದಾಗ, ಮೂಲೆಯಲ್ಲಿ ಒಬ್ಬ ಮಾಲಿ ಕಾಣಿಸಿದ. ಬಗ್ಗಿ ಹುಲ್ಲು ಕತ್ತರಿಸುತ್ತಿದ್ದ.

"ಚೆನ್ನಾಗಿ ಇಟ್ಟಿದಾರೆ," ಅಂದರು.

"ಹೂಂ ಮಾವ, ಕ್ಲೀನಾಗಿತ್ತು."

"ಇವ್ನು ಸಿಂಹಳದವನಾ, ತಮಿಳನಾ?"

"ಕೇಳಲಿಲ್ಲ ಮಾವ."

"ಕೇಳ್ಬೇಕಿತ್ತು," ಅಂದು ಫೋನ್ ವಾಪಸ್ ಕೊಟ್ಟರು.